ಒಂದೇ ರ‍್ಯಾಕ್‌ನ ಎರಡು ಸರ್ವರ್‌ಗಳ ನಡುವೆ 40 ಮಿಲಿಸೆಕೆಂಡ್ ತಡ: ಡಿಲೇಡ್ ಆ್ಯಕ್, ನೇಗಲ್ ಮತ್ತು ವಿಂಡೋ ಕುರಿತ ಚರ್ಚೆ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಡೇಟಾ ಸೆಂಟರ್ ಒಂದರಲ್ಲಿ, ಒಂದೇ ರ‍್ಯಾಕ್‌ನಲ್ಲಿರುವ ಎರಡು ಲಿನಕ್ಸ್ ಸರ್ವರ್‌ಗಳ ನಡುವೆ ನಮ್ಮ ತಂಡದ ಒಳಸೇವೆಯೊಂದು ಟಿಸಿಪಿ (ದತ್ತಾಂಶ ತಪ್ಪದೆ, ಕ್ರಮವಾಗಿ ತಲುಪುವಂತೆ ನೋಡಿಕೊಳ್ಳುವ ಜಾಲ ನಿಯಮಾವಳಿ) ಮೇಲೆ ನಡೆಯುತ್ತಿದೆ. ಪಿಂಗ್ ಮಾಡಿದರೆ 0.3 ಮಿಲಿಸೆಕೆಂಡ್‌ನಲ್ಲಿ ಉತ್ತರ ಬರುತ್ತದೆ. ವಿನಂತಿ ಕೈಗೆ ಬಂದ ಮೇಲೆ ಒಂದು ಮಿಲಿಸೆಕೆಂಡ್‌ನೊಳಗೆ ಉತ್ತರ ಕಳುಹಿಸಿದೆನೆಂದು ಸರ್ವರ್‌ನ ಲಾಗ್ ಹೇಳುತ್ತದೆ. ಆದರೆ ಕ್ಲೈಂಟ್ ಬದಿಯಲ್ಲಿ ಅಳೆದಾಗ ಬಹುಪಾಲು ವಿನಂತಿಗಳು 40 ಅಥವಾ 41 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿವೆ. ಪ್ರತಿ ವಿನಂತಿಗೂ ಹೊಸ ಸಂಪರ್ಕ ತೆರೆಯುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಸಂಪರ್ಕಗಳನ್ನು ತೆರೆದೇ ಇಟ್ಟು ಮರುಬಳಕೆ ಮಾಡುವ ಕನೆಕ್ಷನ್ ಪೂಲ್ ಅಳವಡಿಸಿದ ಮೇಲೆ ಕಾಣಿಸಿಕೊಂಡಿದೆ. ವೇಗ ಹೆಚ್ಚಲೆಂದು ಮಾಡಿದ ಬದಲಾವಣೆಯಿಂದ ವೇಗ ಕಡಿಮೆಯಾಗಿದ್ದು ಹೇಗೆಂದು ತಿಳಿಯುತ್ತಿಲ್ಲ. ನಮ್ಮ ಕ್ಲೈಂಟ್ ಮೊದಲು 24 ಬೈಟ್‌ಗಳ ಹೆಡರನ್ನು ಒಂದು ರೈಟ್ ಕರೆಯಲ್ಲಿ ಬರೆಯುತ್ತದೆ, ನಂತರ ಸುಮಾರು 180 ಬೈಟ್‌ಗಳ ಒಡಲನ್ನು ಇನ್ನೊಂದು ರೈಟ್ ಕರೆಯಲ್ಲಿ ಬರೆದು ಉತ್ತರಕ್ಕೆ ಕಾಯುತ್ತದೆ. ಪ್ಯಾಕೆಟ್ ನಷ್ಟ ಎಲ್ಲಿಯೂ ಕಾಣುತ್ತಿಲ್ಲ.

ಜಾಲತಂತಿ:

ತಾವು ಕೊಟ್ಟ ವಿವರಗಳಲ್ಲಿ 40 ಎಂಬ ಸಂಖ್ಯೆಯೇ ಮುಕ್ಕಾಲು ಉತ್ತರ ಹೇಳುತ್ತಿದೆ. ಲಿನಕ್ಸ್ ಕರ್ನಲ್‌ನಲ್ಲಿ ಡಿಲೇಡ್ ಆ್ಯಕ್‌ನ ಕನಿಷ್ಠ ಅವಧಿ 40 ಮಿಲಿಸೆಕೆಂಡ್, ಗರಿಷ್ಠ ಅವಧಿ 200 ಮಿಲಿಸೆಕೆಂಡ್. ಆ್ಯಕ್ ಎಂದರೆ ದತ್ತಾಂಶ ತಲುಪಿತೆಂದು ಪಡೆದವರು ಕಳುಹಿಸುವ ಸ್ವೀಕೃತಿ; ಅದನ್ನು ಬೇಕೆಂದೇ ಸ್ವಲ್ಪ ತಡೆದು ಕಳುಹಿಸುವುದು ಡಿಲೇಡ್ ಆ್ಯಕ್. ಜಾಲದಲ್ಲಿ ದಟ್ಟಣೆಯಿಂದ ಆಗುವ ವಿಳಂಬ ಹೀಗೆ ಪ್ರತಿ ಸಲವೂ ಒಂದೇ ಅಂಕಿಗೆ ಬಂದು ನಿಲ್ಲುವುದಿಲ್ಲ, ಏರಿಳಿಯುತ್ತದೆ. ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದರೆ ಎಲ್ಲೋ ಒಂದು ಟೈಮರ್ ಮುಗಿಯುವವರೆಗೆ ಯಾರೋ ಕಾಯುತ್ತಿದ್ದಾರೆ ಎಂದೇ ಅರ್ಥ.

ಇಲ್ಲಿ ಕಾಯುತ್ತಿರುವವರು ಇಬ್ಬರು, ಮತ್ತು ಅವರು ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತಿದ್ದಾರೆ. ತಮ್ಮ ಕ್ಲೈಂಟ್ 24 ಬೈಟ್‌ಗಳ ಹೆಡರನ್ನು ಬರೆದ ಕ್ಷಣದಲ್ಲಿ ಆ ಸಂಪರ್ಕದಲ್ಲಿ ಆ್ಯಕ್ ಬಾರದ ದತ್ತಾಂಶ ಏನೂ ಇರುವುದಿಲ್ಲ. ಆದ್ದರಿಂದ ಹೆಡರ್ ಕೂಡಲೇ ಹೊರಡುತ್ತದೆ. ಮರುಕ್ಷಣ ಬರೆದ 180 ಬೈಟ್‌ಗಳ ಒಡಲು ಒಂದು ಪೂರ್ಣ ಸೆಗ್ಮೆಂಟ್‌ಗಿಂತ (ಟಿಸಿಪಿ ಒಂದು ಪ್ಯಾಕೆಟ್‌ನಲ್ಲಿ ಕಳುಹಿಸುವ ದತ್ತಾಂಶದ ತುಂಡು) ಚಿಕ್ಕದು, ಹೆಡರ್‌ಗೆ ಆ್ಯಕ್ ಇನ್ನೂ ಬಂದಿಲ್ಲ. ಇಂತಹ ಸಂದರ್ಭದಲ್ಲಿ ಚಿಕ್ಕ ಸೆಗ್ಮೆಂಟನ್ನು ತಡೆಹಿಡಿಯಬೇಕೆಂಬುದೇ ನೇಗಲ್ ಅಲ್ಗಾರಿದಮ್‌ನ ನಿಯಮ. ಅತ್ತ ಸರ್ವರ್‌ನ ಕರ್ನಲ್‌ಗೆ ಹೆಡರ್ ತಲುಪಿದೆ, ಆದರೆ ಒಡಲು ಬಾರದೆ ಅಪ್ಲಿಕೇಶನ್ ಉತ್ತರ ಬರೆಯಲಾರದು. ಹೇಗಿದ್ದರೂ ಅಪ್ಲಿಕೇಶನ್ ಈಗ ಏನಾದರೂ ಬರೆಯುತ್ತದೆ, ಅದರ ಜೊತೆಗೇ ಆ್ಯಕ್ ಕಳುಹಿಸಿದರೆ ಒಂದು ಪ್ಯಾಕೆಟ್ ಉಳಿಯುತ್ತದೆ ಎಂದು ಕರ್ನಲ್ ಕಾಯುತ್ತದೆ. ಕ್ಲೈಂಟ್ ಆ್ಯಕ್‌ಗಾಗಿ, ಸರ್ವರ್ ಒಡಲಿಗಾಗಿ ಕಾಯುತ್ತಾ 40 ಮಿಲಿಸೆಕೆಂಡ್ ಕಳೆಯುತ್ತದೆ. ಟೈಮರ್ ಮುಗಿದು ಬರಿಯ ಆ್ಯಕ್ ಹೊರಟ ಮೇಲೆ ಒಡಲು ಹೋಗುತ್ತದೆ, ಉತ್ತರ ಬರುತ್ತದೆ.

ಕನೆಕ್ಷನ್ ಪೂಲ್ ಬಂದ ಮೇಲೆ ತೊಂದರೆ ಕಾಣಿಸಿಕೊಂಡಿದ್ದಕ್ಕೂ ಕಾರಣವಿದೆ. ಹೊಸ ಸಂಪರ್ಕದ ಆರಂಭದಲ್ಲಿ ಲಿನಕ್ಸ್ ಕ್ವಿಕ್ ಆ್ಯಕ್ ಸ್ಥಿತಿಯಲ್ಲಿರುತ್ತದೆ. ಎದುರು ಬದಿಯ ದಟ್ಟಣೆ ವಿಂಡೋ (ಆ್ಯಕ್ ಬರುವ ಮೊದಲು ಎಷ್ಟು ಕಳುಹಿಸಬಹುದೆಂದು ಕಳುಹಿಸುವವರೇ ಇಟ್ಟುಕೊಳ್ಳುವ ಮಿತಿ) ಬೇಗ ಬೆಳೆಯಲಿ ಎಂದು ಆ್ಯಕ್‌ಗಳನ್ನು ತಡಮಾಡದೆ ಕಳುಹಿಸುತ್ತದೆ. ದತ್ತಾಂಶ ಬಂದ ಬೆನ್ನಲ್ಲೇ ಇತ್ತಲಿಂದಲೂ ದತ್ತಾಂಶ ಹೋಗುವುದನ್ನು ಕಂಡಾಗ ಇದು ಪ್ರಶ್ನೋತ್ತರ ರೂಪದ ಸಂಪರ್ಕವೆಂದು ತೀರ್ಮಾನಿಸಿ ಡಿಲೇಡ್ ಆ್ಯಕ್‌ಗೆ ಹೊರಳುತ್ತದೆ. ತಮ್ಮ ಹಿಂದಿನ ವ್ಯವಸ್ಥೆಯಲ್ಲಿ ಪ್ರತಿಯೊಂದು ಸಂಪರ್ಕವೂ ಆ ತೀರ್ಮಾನಕ್ಕೆ ಮೊದಲೇ ಮುಗಿದುಹೋಗುತ್ತಿತ್ತು. ದೋಷ ಆಗಲೂ ಇತ್ತು, ಹೊರಗೆ ಕಾಣುತ್ತಿರಲಿಲ್ಲ.

ಕಡಲತಡಿ:

ಇಷ್ಟು ದೀರ್ಘ ವಿವರಣೆ ಅಗತ್ಯವೇ ಎಂಬುದು ನನ್ನ ಪ್ರಶ್ನೆ. ಸಾಕೆಟ್ ತೆರೆದ ಕೂಡಲೇ ಟಿಸಿಪಿ ನೋಡಿಲೇ (TCP_NODELAY) ಆಯ್ಕೆಯನ್ನು ಹಾಕಿದರೆ ನೇಗಲ್ ನಿಲ್ಲುತ್ತದೆ, ತೊಂದರೆಯೂ ಮುಗಿಯುತ್ತದೆ. ಗೋ ಭಾಷೆಯಲ್ಲಿ ಟಿಸಿಪಿ ಸಂಪರ್ಕಗಳಿಗೆ ಈ ಆಯ್ಕೆ ತಾನಾಗಿಯೇ ಇರುತ್ತದೆ. 1984ರ ನಿಯಮವೊಂದನ್ನು ಇಂದಿನ ಜಾಲಗಳಲ್ಲಿ ಉಳಿಸಿಕೊಳ್ಳುವುದೇ ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಜಾಲತಂತಿ:

ಕಡಲತಡಿಯವರ ಸಲಹೆಯಿಂದ 40 ಮಿಲಿಸೆಕೆಂಡ್ ಹೋಗುವುದು ನಿಜ. ಆದರೆ 24 ಬೈಟ್‌ಗಳ ಹೆಡರ್ ಒಂದು ಪ್ಯಾಕೆಟ್‌ನಲ್ಲಿ, 180 ಬೈಟ್‌ಗಳ ಒಡಲು ಇನ್ನೊಂದು ಪ್ಯಾಕೆಟ್‌ನಲ್ಲಿ ಹೋಗುವುದು ಹಾಗೆಯೇ ಮುಂದುವರಿಯುತ್ತದೆ. ಎರಡನ್ನೂ ಒಂದೇ ಬಫರ್‌ಗೆ ಸೇರಿಸಿ ಒಂದೇ ಸಲ ಬರೆದರೆ, ಅಥವಾ ಎರಡು ಬಫರ್‌ಗಳನ್ನೂ ರೈಟ್‌ವಿ ಕರೆಗೆ ಒಟ್ಟಿಗೆ ಕೊಟ್ಟರೆ, 204 ಬೈಟ್‌ಗಳು ಒಂದೇ ಸೆಗ್ಮೆಂಟ್‌ನಲ್ಲಿ ಹೋಗುತ್ತವೆ. ಆಗ ನೇಗಲ್ ತಡೆಯುವಂಥದ್ದು ಏನೂ ಉಳಿಯುವುದಿಲ್ಲ, ಆ್ಯಕ್ ಕೂಡ ಉತ್ತರದ ಜೊತೆಗೇ ಬರುತ್ತದೆ. ಮೊದಲು ಇದನ್ನು ಮಾಡಿ, ಆಮೇಲೆ ನೋಡಿಲೇ ಆಯ್ಕೆಯನ್ನೂ ಹಾಕುವುದಾದರೆ ನನ್ನ ಆಕ್ಷೇಪವಿಲ್ಲ. ಬರವಣಿಗೆಯನ್ನು ಸರಿಪಡಿಸದೆ ಆಯ್ಕೆಯನ್ನಷ್ಟೇ ಹಾಕಿದ ಕೋಡ್‌ನಲ್ಲಿ, ಹತ್ತಾರು ಚಿಕ್ಕ ರೈಟ್ ಕರೆಗಳು ಹತ್ತಾರು ಚಿಕ್ಕ ಪ್ಯಾಕೆಟ್‌ಗಳಾಗಿ ಹೊರಡುವುದನ್ನು, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

1984ರ ನಿಯಮದ ಬಗ್ಗೆಯೂ ಎರಡು ಮಾತು ಹೇಳಬೇಕು. ಜಾನ್ ನೇಗಲ್ ಅವರು ಫೋರ್ಡ್ ಏರೋಸ್ಪೇಸ್‌ನಲ್ಲಿದ್ದಾಗ, ಆ ವರ್ಷದ ಜನವರಿಯಲ್ಲಿ, ಆರ್‌ಎಫ್‌ಸಿ 896ರಲ್ಲಿ (ಇಂಟರ್ನೆಟ್ ನಿಯಮಗಳನ್ನು ಪ್ರಕಟಿಸುವ ದಾಖಲೆಸರಣಿಯೇ ಆರ್‌ಎಫ್‌ಸಿ) ಇದನ್ನು ವಿವರಿಸಿದರು. ಟರ್ಮಿನಲ್‌ನಲ್ಲಿ ಒಂದು ಅಕ್ಷರ ಒತ್ತಿದರೆ ಒಂದು ಬೈಟ್ ದತ್ತಾಂಶಕ್ಕೆ 40 ಬೈಟ್‌ಗಳ ಐಪಿ ಮತ್ತು ಟಿಸಿಪಿ ಹೆಡರ್ ಸೇರಿ 41 ಬೈಟ್‌ಗಳ ಪ್ಯಾಕೆಟ್ ಹೋಗುತ್ತಿತ್ತು, ಮತ್ತು ಅಂದಿನ ನಿಧಾನದ ಕೊಂಡಿಗಳಲ್ಲಿ ಇದು ನಿಜವಾದ ಹೊರೆಯಾಗಿತ್ತು. ಡಿಲೇಡ್ ಆ್ಯಕ್ ಬೇರೆಯವರ ಕೈಯಲ್ಲಿ, ಬೇರೆ ಕಾರಣಕ್ಕೆ, ಹೆಚ್ಚುಕಡಿಮೆ ಅದೇ ಕಾಲದಲ್ಲಿ ರೂಪುಗೊಂಡಿತು. 1982ರ ಜುಲೈನಲ್ಲಿ ಡೇವಿಡ್ ಕ್ಲಾರ್ಕ್ ಬರೆದ ಆರ್‌ಎಫ್‌ಸಿ 813 ಆ್ಯಕ್ ಮತ್ತು ವಿಂಡೋ ಎರಡನ್ನೂ ಒಟ್ಟಿಗೆ ಚರ್ಚಿಸುತ್ತದೆ. ದೂರದ ಯಂತ್ರ ಒಂದು ಅಕ್ಷರವನ್ನು ಸ್ವೀಕರಿಸಿ ಅದನ್ನೇ ಪರದೆಗೆ ಹಿಂದಿರುಗಿಸುವಾಗ, ಆ್ಯಕ್‌ಗೆ ಒಂದು, ವಿಂಡೋ ತೆರೆದಿದೆಯೆಂದು ತಿಳಿಸಲು ಒಂದು, ಮರಳುವ ಅಕ್ಷರಕ್ಕೆ ಒಂದು ಎಂದು ಮೂರು ಪ್ಯಾಕೆಟ್ ಕಳುಹಿಸುವ ಬದಲು ಸ್ವಲ್ಪ ಕಾದು ಒಂದನ್ನೇ ಕಳುಹಿಸಬಹುದು. ಎರಡು ಉಪಾಯಗಳೂ ಬಿಡಿಬಿಡಿಯಾಗಿ ಸರಿ, ಕೂಡಿದಾಗ ತೊಂದರೆ. ಈ ಜೋಡಿಯಲ್ಲಿ ನಿಗದಿತ ಅವಧಿಯ ಆ್ಯಕ್ ಟೈಮರ್ ಕಡೆಗೇ ನೇಗಲ್ ಅವರು ಸಾರ್ವಜನಿಕವಾಗಿ ಬೆರಳು ತೋರಿಸಿದ್ದಾರೆ. ನನಗೂ ಹಾಗೆಯೇ ಅನ್ನಿಸುತ್ತದೆ: ನೇಗಲ್ ನಿಯಮ ಜಾಲದ ನಿಜವಾದ ಘಟನೆಯೊಂದಕ್ಕೆ, ಅಂದರೆ ಆ್ಯಕ್ ಬರುವುದಕ್ಕೆ ಕಾಯುತ್ತದೆ, ಆ್ಯಕ್ ಟೈಮರ್ ಮಾತ್ರ ಅಪ್ಲಿಕೇಶನ್ ಬರೆಯಬಹುದೆಂಬ ಊಹೆಗೆ ಕಾಯುತ್ತದೆ, ಮತ್ತು ಎಷ್ಟು ಹೊತ್ತು ಕಾಯುತ್ತಿದೆಯೆಂದು ಎದುರಿನವರಿಗೆ ಹೇಳುವುದೂ ಇಲ್ಲ.

ಕರ್ನಲ್ ಓದುಗ:

ಜಾಲತಂತಿಯವರ ವಿವರಣೆಗೆ ಕೆಲವು ಅಂಶಗಳನ್ನು ಸೇರಿಸುತ್ತೇನೆ. ಆ್ಯಕ್ ತಡಮಾಡಲು ಮಿತಿ ಇಲ್ಲವೆಂದು ಯಾರೂ ಭಾವಿಸಬಾರದು. 1989ರ ಅಕ್ಟೋಬರ್‌ನ ಆರ್‌ಎಫ್‌ಸಿ 1122 ಪ್ರಕಾರ ತಡ ಅರ್ಧ ಸೆಕೆಂಡ್‌ಗಿಂತ ಕಡಿಮೆ ಇರಲೇಬೇಕು, ಮತ್ತು ಪೂರ್ಣ ಗಾತ್ರದ ಸೆಗ್ಮೆಂಟ್‌ಗಳು ಸಾಲಾಗಿ ಬರುತ್ತಿರುವಾಗ ಕನಿಷ್ಠ ಪ್ರತಿ ಎರಡನೆಯದಕ್ಕೆ ಒಂದು ಆ್ಯಕ್ ಹೋಗಬೇಕು. ಸೆಗ್ಮೆಂಟ್ ಕ್ರಮ ತಪ್ಪಿ ಬಂದರೆ ತಡಮಾಡದೆ ಆ್ಯಕ್ ಕಳುಹಿಸಬೇಕೆಂದು 2009ರ ಆರ್‌ಎಫ್‌ಸಿ 5681 ಹೇಳುತ್ತದೆ. ಕಳುಹಿಸುವ ಬದಿಗೆ ನಷ್ಟದ ಸುಳಿವು ಬೇಗ ಸಿಗುವುದು ಹೀಗೆ ಅದೇ ಸಂಖ್ಯೆಯನ್ನು ಮತ್ತೆ ಹೇಳುವ ಡೂಪ್ಲಿಕೇಟ್ ಆ್ಯಕ್‌ಗಳಿಂದಲೇ.

ಎರಡಕ್ಕೊಂದು ಆ್ಯಕ್ ಎಂಬ ನಿಯಮದಿಂದ ಇನ್ನೊಂದು ವಿಚಿತ್ರ ತಡ ಹುಟ್ಟುತ್ತದೆ. ಈಥರ್ನೆಟ್‌ನಲ್ಲಿ ಸೆಗ್ಮೆಂಟ್ ಗಾತ್ರ 1,460 ಬೈಟ್ ಎಂದಿಟ್ಟುಕೊಳ್ಳಿ. 3,000 ಬೈಟ್‌ಗಳ ಸಂದೇಶದಲ್ಲಿ ಎರಡು ಪೂರ್ಣ ಸೆಗ್ಮೆಂಟ್‌ಗಳು ಹೋಗಿ 80 ಬೈಟ್ ಉಳಿಯುತ್ತದೆ. ಎರಡು ಬಂದವೆಂದು ಕೂಡಲೇ ಆ್ಯಕ್ ಬರುತ್ತದೆ, ಉಳಿದದ್ದೂ ಹೋಗುತ್ತದೆ. 1,500 ಬೈಟ್‌ಗಳ ಸಂದೇಶದಲ್ಲಾದರೆ ಒಂದೇ ಪೂರ್ಣ ಸೆಗ್ಮೆಂಟ್ ಹೋಗುತ್ತದೆ, ಉಳಿದ 40 ಬೈಟ್‌ಗಳು ಆ್ಯಕ್ ಟೈಮರ್ ಮುಗಿಯುವವರೆಗೆ ಕಾಯುತ್ತವೆ. ದೊಡ್ಡ ಸಂದೇಶ ಬೇಗ, ಚಿಕ್ಕದು ನಿಧಾನ. ಗ್ರೆಗ್ ಮಿನ್‌ಶಾಲ್ ಅವರು ಸೂಚಿಸಿದ ತಿದ್ದುಪಡಿ ಇದಕ್ಕೆ ಪರಿಹಾರ: ಆ್ಯಕ್ ಬಾರದ ಸೆಗ್ಮೆಂಟ್ ಚಿಕ್ಕದಾಗಿದ್ದರೆ ಮಾತ್ರ ಮುಂದಿನ ಚಿಕ್ಕದನ್ನು ತಡೆಯುವುದು, ಪೂರ್ಣ ಗಾತ್ರದ್ದಾಗಿದ್ದರೆ ಬಿಡುವುದು. ಲಿನಕ್ಸ್ ಇದನ್ನೇ ಅನುಸರಿಸುತ್ತದೆ. ಎಲ್ಲ ವ್ಯವಸ್ಥೆಗಳೂ ಅನುಸರಿಸುತ್ತವೆಂದು ನಂಬಿ ಕೋಡ್ ಬರೆಯಬೇಡಿ.

ಪಡೆಯುವ ಬದಿಯಲ್ಲಿ ಟಿಸಿಪಿ ಕ್ವಿಕ್‌ಆ್ಯಕ್ ಆಯ್ಕೆ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಆ ಆಯ್ಕೆ ಶಾಶ್ವತವಲ್ಲ. ಕರ್ನಲ್ ತನ್ನ ಲೆಕ್ಕಾಚಾರದಂತೆ ಮತ್ತೆ ತಡಮಾಡುವ ಸ್ಥಿತಿಗೆ ಮರಳಬಹುದು, ಆದ್ದರಿಂದ ಓದಿದಾಗಲೆಲ್ಲ ಮತ್ತೆ ಹಾಕಬೇಕಾಗುತ್ತದೆ. ಅದಕ್ಕಿಂತ ಒಂದು ಮಾರ್ಗಕ್ಕೆ ಅನ್ವಯಿಸುವಂತೆ ಐಪಿ ರೂಟ್‌ನಲ್ಲಿ ಕ್ವಿಕ್‌ಆ್ಯಕ್ 1 ಎಂದು ಇಡುವುದು ಸುಲಭ, ಅದೂ ಎದುರು ಬದಿಯ ಕೋಡ್ ನಮ್ಮ ಕೈಯಲ್ಲಿಲ್ಲದಾಗ ಮಾತ್ರ.

ಹೇಮಾವತಿ:

ನನ್ನದು ಬೇರೆ ತೊಂದರೆ, ಆದರೆ ಇದೇ ಚರ್ಚೆಗೆ ಸೇರುತ್ತದೆಂದು ಭಾವಿಸಿ ಕೇಳುತ್ತಿದ್ದೇನೆ. ಬೆಂಗಳೂರಿನ ಸರ್ವರ್‌ನಿಂದ ಅಮೆರಿಕದ ಪಶ್ಚಿಮ ಕರಾವಳಿಯ ಸರ್ವರ್‌ಗೆ ದೊಡ್ಡ ಫೈಲ್‌ಗಳನ್ನು ಕಳುಹಿಸುತ್ತೇವೆ. ಹೋಗಿಬರುವ ಸಮಯ ಸುಮಾರು 250 ಮಿಲಿಸೆಕೆಂಡ್. ಕೊಂಡಿಯ ಸಾಮರ್ಥ್ಯ 100 ಎಂಬಿಪಿಎಸ್, ನಷ್ಟ ಇಲ್ಲ. ಆದರೂ ವೇಗ 2 ಎಂಬಿಪಿಎಸ್ ದಾಟುತ್ತಿಲ್ಲ. ಡಿಲೇಡ್ ಆ್ಯಕ್ ನಿಲ್ಲಿಸಿದರೆ ಸರಿಹೋಗುತ್ತದೆಯೇ?

ಜಾಲತಂತಿ:

ಇಲ್ಲ ಹೇಮಾವತಿಯವರೇ, ಇದು ಆ್ಯಕ್ ತಡವಾಗಿ ಬಂದದ್ದರಿಂದ ಆದದ್ದಲ್ಲ. ಫೈಲ್ ಸತತವಾಗಿ ಹರಿಯುವಾಗ ಎರಡು ಸೆಗ್ಮೆಂಟ್‌ಗೊಂದು ಆ್ಯಕ್ ಬರುತ್ತಲೇ ಇರುತ್ತದೆ, ಟೈಮರ್ ಮುಗಿಯುವ ಪ್ರಸಂಗವೇ ಅಪರೂಪ. ಇಲ್ಲಿ ನೋಡಬೇಕಾದದ್ದು ಆ ಆ್ಯಕ್‌ನೊಳಗೆ ಬರೆದಿರುವ ವಿಂಡೋ ಸಂಖ್ಯೆ. ಪ್ರತಿ ಆ್ಯಕ್ ಎರಡು ವಿಷಯ ಹೇಳುತ್ತದೆ: ಇಲ್ಲಿಯವರೆಗಿನದು ತಲುಪಿತು, ಇನ್ನು ಇಷ್ಟಕ್ಕೆ ನನ್ನಲ್ಲಿ ಜಾಗವಿದೆ. ಫ್ಲೋ ಕಂಟ್ರೋಲ್ ಎಂದರೆ ಈ ಎರಡನೆಯ ಮಾತು. ಕಳುಹಿಸುವ ಬದಿ ಆ ಅನುಮತಿಯನ್ನು ಮೀರುವಂತಿಲ್ಲ, ನಡುವಿನ ಕೊಂಡಿ ಎಷ್ಟೇ ಖಾಲಿ ಇರಲಿ.

ಟಿಸಿಪಿ ಹೆಡರ್‌ನಲ್ಲಿ ವಿಂಡೋಗೆ 16 ಬಿಟ್ ಜಾಗವಿದೆ, ಅಂದರೆ ಗರಿಷ್ಠ 65,535 ಬೈಟ್. 250 ಮಿಲಿಸೆಕೆಂಡ್‌ಗೆ ಒಂದು ಸುತ್ತು ಎಂದರೆ ಸೆಕೆಂಡ್‌ಗೆ ನಾಲ್ಕು ಸುತ್ತು, 2,62,140 ಬೈಟ್, ಬಿಟ್‌ಗಳಲ್ಲಿ ಸುಮಾರು 2.1 ಎಂಬಿಪಿಎಸ್. ತಾವು ಕೊಟ್ಟ ಅಂಕಿಗೆ ಇದು ತಾಳೆಯಾಗುತ್ತದೆ. ಈ ಸಂಪರ್ಕದಲ್ಲಿ 100 ಎಂಬಿಪಿಎಸ್ ಪೂರ್ತಿ ಬಳಸಬೇಕಾದರೆ ಹೊರಟು ಆ್ಯಕ್ ಬಾರದ ದತ್ತಾಂಶ ಯಾವ ಕ್ಷಣದಲ್ಲೂ ಸುಮಾರು 3.1 ಎಂಬಿ ಇರಬೇಕು, ಪಡೆಯುವ ಬದಿ ಅಷ್ಟಕ್ಕೆ ಅನುಮತಿ ಕೊಟ್ಟಿರಬೇಕು.

ಇದಕ್ಕಾಗಿಯೇ ವಿಂಡೋ ಸ್ಕೇಲಿಂಗ್ ಬಂದಿತು. 1992ರ ಆರ್‌ಎಫ್‌ಸಿ 1323, ಈಗ 2014ರ ಆರ್‌ಎಫ್‌ಸಿ 7323, ವಿಂಡೋ ಸಂಖ್ಯೆಯನ್ನು 14 ಬಿಟ್‌ವರೆಗೆ ಎಡಕ್ಕೆ ಸರಿಸಲು ಅವಕಾಶ ಕೊಡುತ್ತದೆ; ಆಗ ಸುಮಾರು 1 ಜಿಬಿವರೆಗೆ ಅನುಮತಿ ಸಾಧ್ಯ. ಆದರೆ ಎಷ್ಟು ಬಿಟ್ ಎಂಬುದನ್ನು ಸಂಪರ್ಕವನ್ನು ಆರಂಭಿಸುವ ಸಿನ್ ಪ್ಯಾಕೆಟ್‌ಗಳಲ್ಲಿ ಮಾತ್ರ ಹೇಳಬಹುದು. ಎರಡೂ ಬದಿಯವರು ಹೇಳದಿದ್ದರೆ, ಅಥವಾ ನಡುವಿನ ಫೈರ್‌ವಾಲ್ ಆ ಆಯ್ಕೆಯನ್ನು ಕಿತ್ತುಹಾಕಿದರೆ, ಆ ಸಂಪರ್ಕ ಮುಗಿಯುವವರೆಗೂ 65,535 ಬೈಟ್‌ಗೇ ಕಟ್ಟುಬಿದ್ದಿರುತ್ತದೆ. ಪ್ಯಾಕೆಟ್‌ಗಳನ್ನು ಹಿಡಿಯುವಾಗ ಸಿನ್‌ನಿಂದಲೇ ಹಿಡಿಯಿರಿ. ನಡುವಿನಿಂದ ಹಿಡಿದರೆ ವೈರ್‌ಶಾರ್ಕ್‌ಗೂ ಸ್ಕೇಲ್ ತಿಳಿಯದೆ, ತೋರಿಸುವ ವಿಂಡೋ ನಿಜವಾದದ್ದಾಗಿರುವುದಿಲ್ಲ.

ಸ್ಕೇಲಿಂಗ್ ಸರಿಯಾಗಿದ್ದರೆ ಮುಂದಿನ ಅನುಮಾನ ಪಡೆಯುವ ಅಪ್ಲಿಕೇಶನ್ ಮೇಲೆ. ಲಿನಕ್ಸ್ ತಾನಾಗಿಯೇ ಪಡೆಯುವ ಬಫರನ್ನು ಸಂಪರ್ಕದ ಅಗತ್ಯಕ್ಕೆ ತಕ್ಕಂತೆ ಬೆಳೆಸುತ್ತದೆ, ಸಾಮಾನ್ಯವಾಗಿ 6 ಎಂಬಿವರೆಗೆ. ಅಪ್ಲಿಕೇಶನ್ ಬರೆದವರು ಪಡೆಯುವ ಬಫರ್‌ನ ಸಾಕೆಟ್ ಆಯ್ಕೆಯಲ್ಲಿ 64 ಕೆಬಿ ಎಂದು ಕೈಯಾರೆ ಇಟ್ಟಿದ್ದರೆ ಆ ಸ್ವಯಂ ಹೊಂದಾಣಿಕೆ ಅಲ್ಲಿಗೆ ನಿಲ್ಲುತ್ತದೆ. ಹಳೆಯ ಕೈಪಿಡಿಗಳನ್ನು ನೋಡಿ ಹಾಕಿದ ಇಂತಹ ಸಾಲುಗಳು ಇಂದಿಗೂ ಬಹಳಷ್ಟು ಕೋಡ್‌ನಲ್ಲಿ ಉಳಿದಿವೆ. ಕಳುಹಿಸುವ ಬದಿಯಲ್ಲಿ, ಸಂಪರ್ಕಗಳ ಸ್ಥಿತಿಯನ್ನು ತೋರಿಸುವ ಎಸ್‌ಎಸ್ (ss) ಆದೇಶವನ್ನು ಟಿ ಮತ್ತು ಐ ಆಯ್ಕೆಗಳೊಂದಿಗೆ ಚಲಾಯಿಸಿದರೆ, ಎದುರಿನವರ ವಿಂಡೋಗಾಗಿ ಎಷ್ಟು ಹೊತ್ತು ನಿಂತಿದ್ದೆವೆಂಬುದನ್ನು ಆರ್‌ಡಬ್ಲ್ಯುಎನ್‌ಡಿ ಲಿಮಿಟೆಡ್ ಎಂಬ ಅಂಕಿ ಶೇಕಡಾವಾರು ಸಮೇತ ತೋರಿಸುತ್ತದೆ. ಅದೇ ಸಾಲಿನಲ್ಲಿ ಎಟಿಒ ಎಂಬುದು ಡಿಲೇಡ್ ಆ್ಯಕ್‌ನ ಸದ್ಯದ ಅವಧಿ. ತುಂಗಾತೀರದವರು ಸರ್ವರ್ ಬದಿಯಲ್ಲಿ ನೋಡಿದರೆ ಅಲ್ಲಿ 40 ಕಾಣುತ್ತದೆ.

ಹೇಮಾವತಿ:

ಧನ್ಯವಾದಗಳು. ಅಮೆರಿಕದ ಬದಿಯ ಕೋಡ್‌ನಲ್ಲಿ 65,536 ಎಂದು ಇಟ್ಟಿದ್ದ ಸಾಲು ಸಿಕ್ಕಿತು. ತೆಗೆಯುವಂತೆ ಅಲ್ಲಿನ ತಂಡಕ್ಕೆ ತಿಳಿಸಿದ್ದೇನೆ. ಇನ್ನೊಂದು ಸಂದೇಹ: ಟ್ರೇಸ್‌ನಲ್ಲಿ ಕೆಲವು ಕಡೆ ವಿಂಡೋ ಸೊನ್ನೆಯಾಗಿದೆ, ಆಗ ನಮ್ಮ ಬದಿಯಿಂದ ಒಂದು ಚಿಕ್ಕ ಪ್ಯಾಕೆಟ್ ಹೋಗುತ್ತಿದೆ. ಅನುಮತಿ ಇಲ್ಲದಿರುವಾಗ ಅದು ಹೋಗುವುದೇಕೆ?

ಕರ್ನಲ್ ಓದುಗ:

ಅದು ವಿಂಡೋ ಪ್ರೋಬ್. ಪಡೆಯುವ ಅಪ್ಲಿಕೇಶನ್ ಓದುವುದನ್ನು ನಿಲ್ಲಿಸಿ ಬಫರ್ ತುಂಬಿದಾಗ ವಿಂಡೋ ಸೊನ್ನೆಯಾಗುತ್ತದೆ. ತಮ್ಮ ಸಂದರ್ಭದಲ್ಲಿ ಅಲ್ಲಿಯ ಡಿಸ್ಕ್ ನಿಧಾನವಿರಬಹುದು, ಪರಿಶೀಲಿಸಿ. ಮತ್ತೆ ಜಾಗವಾದಾಗ ಪಡೆಯುವ ಬದಿ ವಿಂಡೋ ತೆರೆದಿದೆಯೆಂದು ಬರಿಯ ಆ್ಯಕ್ ಒಂದನ್ನು ಕಳುಹಿಸುತ್ತದೆ. ಟಿಸಿಪಿಯಲ್ಲಿ ದತ್ತಾಂಶವಿಲ್ಲದ ಆ್ಯಕ್‌ಗೆ ಪ್ರತಿಯಾಗಿ ಆ್ಯಕ್ ಇಲ್ಲ. ಅದು ದಾರಿಯಲ್ಲಿ ಕಳೆದರೆ ಕಳೆದದ್ದು ಯಾರಿಗೂ ತಿಳಿಯುವುದಿಲ್ಲ. ಕಳುಹಿಸುವವರು ಅನುಮತಿಗಾಗಿ, ಪಡೆಯುವವರು ದತ್ತಾಂಶಕ್ಕಾಗಿ ಕೊನೆಯಿಲ್ಲದೆ ಕಾಯುತ್ತಾರೆ. ಅದನ್ನು ತಪ್ಪಿಸಲು ಪರ್ಸಿಸ್ಟ್ ಟೈಮರ್ ಆಗಾಗ, ಅಂತರವನ್ನು ಹೆಚ್ಚಿಸುತ್ತಾ, ಈಗಲಾದರೂ ಜಾಗವಿದೆಯೇ ಎಂದು ಕೇಳುತ್ತದೆ. ಜಾಗ ಸ್ವಲ್ಪ ಆದ ಕೂಡಲೇ ಹೇಳುವುದೂ ತಪ್ಪು. ನಾಲ್ಕೈದು ಬೈಟ್‌ಗಳ ಅನುಮತಿ ಕೊಟ್ಟರೆ ಅಷ್ಟೇ ಚಿಕ್ಕ ಸೆಗ್ಮೆಂಟ್‌ಗಳು ಬರತೊಡಗುತ್ತವೆ. ಕ್ಲಾರ್ಕ್ ಅವರು 1982ರಲ್ಲಿ ವಿವರಿಸಿದ ಸಿಲ್ಲಿ ವಿಂಡೋ ಸಿಂಡ್ರೋಮ್ ಇದೇ. ಆದ್ದರಿಂದ ಒಂದು ಪೂರ್ಣ ಸೆಗ್ಮೆಂಟ್ ಅಥವಾ ಬಫರ್‌ನ ಅರ್ಧ, ಇವೆರಡರಲ್ಲಿ ಚಿಕ್ಕದು ಖಾಲಿಯಾಗುವವರೆಗೆ ಪಡೆಯುವ ಬದಿ ವಿಂಡೋವನ್ನು ತೆರೆಯುವುದಿಲ್ಲ.

ಕಡಲತಡಿ:

ಚರ್ಚೆ ಓದಿದ ಮೇಲೆ ಒಂದು ಪ್ರಶ್ನೆ ಉಳಿದಿದೆ. ಡೇಟಾ ಸೆಂಟರ್‌ನ ಒಳಗೆ ಮರುಕಳುಹಿಸುವ ಟೈಮರನ್ನು ಕೆಲವೇ ಮಿಲಿಸೆಕೆಂಡ್‌ಗಳಿಗೆ ಇಳಿಸಬೇಕೆಂದು ಸಲಹೆ ಕೊಡುವವರಿದ್ದಾರೆ. ಎದುರು ಬದಿ 40 ಮಿಲಿಸೆಕೆಂಡ್ ಆ್ಯಕ್ ತಡಮಾಡುವುದಾದರೆ ಇದು ಅಪಾಯವಲ್ಲವೇ? ಟಿಸಿಪಿಗೆ ಬದಲಾಗಿ ಬಂದಿರುವ ಹೊಸ ನಿಯಮಾವಳಿ ಕ್ವಿಕ್‌ನಲ್ಲಿ (QUIC) ಇದನ್ನು ಹೇಗೆ ನಿಭಾಯಿಸಿದ್ದಾರೆ?

ಜಾಲತಂತಿ:

ಅಪಾಯವೇ. ಪ್ಯಾಕೆಟ್ ತಲುಪಿದ್ದರೂ ಆ್ಯಕ್ ಬಾರದೆ ಟೈಮರ್ ಮುಗಿಯುತ್ತದೆ, ಕಳೆದೇ ಹೋಯಿತೆಂದು ಮತ್ತೆ ಕಳುಹಿಸುತ್ತದೆ, ಜೊತೆಗೆ ದಟ್ಟಣೆ ವಿಂಡೋವನ್ನೂ ಕುಗ್ಗಿಸಿಕೊಳ್ಳುತ್ತದೆ. ಆರ್‌ಎಫ್‌ಸಿ 6298 ಈ ಟೈಮರ್‌ಗೆ ಕನಿಷ್ಠ ಒಂದು ಸೆಕೆಂಡ್ ಎಂದು ಸೂಚಿಸುತ್ತದೆ, ಲಿನಕ್ಸ್ 200 ಮಿಲಿಸೆಕೆಂಡ್ ಇಟ್ಟಿದೆ. ಎದುರಿನವರು ಎಷ್ಟು ತಡಮಾಡುತ್ತಾರೆಂದು ಟಿಸಿಪಿಯಲ್ಲಿ ತಿಳಿಯುವ ದಾರಿ ಇಲ್ಲದ್ದರಿಂದ ಹೀಗೆ ದೊಡ್ಡ ಅಂಚನ್ನು ಬಿಡಬೇಕಾಗಿದೆ. ಟಿಸಿಪಿಯಂಥದೇ ಇನ್ನೊಂದು ನಿಯಮಾವಳಿಯಾದ ಎಸ್‌ಸಿಟಿಪಿಯಲ್ಲಿಯೂ ಆ್ಯಕ್ ತಡ 200 ಮಿಲಿಸೆಕೆಂಡ್, ಮೀರಬಾರದ ಮಿತಿ 500 ಎಂದು ನಿಯಮದಲ್ಲೇ ಬರೆದಿದ್ದಾರೆ, ಅಷ್ಟೇ.

ಕ್ವಿಕ್‌ನಲ್ಲಿ ಇದು ಬದಲಾಯಿತು, ಮತ್ತು ಆ ಬದಲಾವಣೆ ನನಗೆ ಬಹಳ ಮೆಚ್ಚುಗೆಯಾಗಿದೆ. 2021ರ ಮೇ ತಿಂಗಳ ಆರ್‌ಎಫ್‌ಸಿ 9000 ಪ್ರಕಾರ, ಸಂಪರ್ಕದ ಆರಂಭದಲ್ಲೇ ಪ್ರತಿ ಬದಿಯೂ ತಾನು ಹೆಚ್ಚೆಂದರೆ ಎಷ್ಟು ಹೊತ್ತು ಆ್ಯಕ್ ತಡಮಾಡುತ್ತೇನೆಂದು ಘೋಷಿಸುತ್ತದೆ. ಏನೂ ಹೇಳದಿದ್ದರೆ 25 ಮಿಲಿಸೆಕೆಂಡ್ ಎಂದರ್ಥ. ಅಲ್ಲದೆ ಪ್ರತಿ ಆ್ಯಕ್ ಫ್ರೇಮ್‌ನಲ್ಲೂ, ಪ್ಯಾಕೆಟ್ ಬಂದ ಮೇಲೆ ನಾನು ಇಷ್ಟು ಮೈಕ್ರೋಸೆಕೆಂಡ್ ಕಾದಿದ್ದೇನೆ ಎಂಬ ಅಂಕಿ ಇರುತ್ತದೆ. ಕಳುಹಿಸುವ ಬದಿ ಅದನ್ನು ಕಳೆದು ಜಾಲದ ನಿಜವಾದ ಹೋಗಿಬರುವ ಸಮಯವನ್ನು ಅಂದಾಜಿಸುತ್ತದೆ, ಘೋಷಿಸಿದ ಗರಿಷ್ಠ ತಡವನ್ನು ಕೂಡಿಸಿ ತನ್ನ ಟೈಮರನ್ನು ಇಟ್ಟುಕೊಳ್ಳುತ್ತದೆ. ಅದೇ ತಡ ಇಲ್ಲಿಯೂ ಇದೆ, ಆದರೆ ಇಬ್ಬರಿಗೂ ಗೊತ್ತಿರುವ ತಡ.

ಫ್ಲೋ ಕಂಟ್ರೋಲ್‌ನಲ್ಲೂ ಹಾಗೆಯೇ. ಕ್ವಿಕ್‌ನಲ್ಲಿ ವಿಂಡೋ ಆ್ಯಕ್‌ನೊಳಗಿಲ್ಲ. ಇಡೀ ಸಂಪರ್ಕಕ್ಕೆ ಮ್ಯಾಕ್ಸ್ ಡೇಟಾ, ಒಂದೊಂದು ಸ್ಟ್ರೀಮ್‌ಗೆ ಮ್ಯಾಕ್ಸ್ ಸ್ಟ್ರೀಮ್ ಡೇಟಾ ಎಂಬ ಪ್ರತ್ಯೇಕ ಫ್ರೇಮ್‌ಗಳಿವೆ, ಮತ್ತು ಅವು ಮೊದಲಿನಿಂದ ಒಟ್ಟು ಇಷ್ಟನೆಯ ಬೈಟ್‌ವರೆಗೆ ಎಂದು ಹೇಳುತ್ತವೆ. ಈ ಫ್ರೇಮ್ ಹೊತ್ತ ಪ್ಯಾಕೆಟ್‌ಗೆ ಆ್ಯಕ್ ಬರಬೇಕಾದ್ದರಿಂದ, ಕಳೆದರೆ ಕಳುಹಿಸಿದವರಿಗೆ ತಿಳಿಯುತ್ತದೆ, ಅವರು ಮಿತಿಯನ್ನು ಮತ್ತೆ ತಿಳಿಸುತ್ತಾರೆ. ಕರ್ನಲ್ ಓದುಗರು ಹೇಳಿದ ಆ ಕೊನೆಯಿಲ್ಲದ ಕಾಯುವಿಕೆಗೆ ಇಲ್ಲಿ ಬೇರೆ ಟೈಮರ್‌ನ ಆಸರೆ ಬೇಕಾಗುವುದಿಲ್ಲ. ಒಂದು ಎಚ್ಚರಿಕೆ: ಮಿತಿಯನ್ನು ಚಿಕ್ಕದಾಗಿಟ್ಟರೆ ದೂರದ ಸಂಪರ್ಕದಲ್ಲಿ ಹೇಮಾವತಿಯವರು ಕಂಡ 2 ಎಂಬಿಪಿಎಸ್ ಇಲ್ಲಿಯೂ ಕಾಣುತ್ತದೆ. ಲೆಕ್ಕ ಅದೇ.

ತುಂಗಾತೀರ:

ಹೆಡರ್ ಮತ್ತು ಒಡಲನ್ನು ರೈಟ್‌ವಿ ಮೂಲಕ ಒಟ್ಟಿಗೆ ಬರೆದು ಪರೀಕ್ಷಿಸಿದೆವು. ಹಳೆಯ ಟ್ರೇಸ್‌ನಲ್ಲಿ 24 ಬೈಟ್, 40 ಮಿಲಿಸೆಕೆಂಡ್ ಮೌನ, ಸರ್ವರ್‌ನ ಬರಿಯ ಆ್ಯಕ್, ಆಮೇಲೆ 180 ಬೈಟ್, ಆಮೇಲೆ ಉತ್ತರ ಎಂಬ ಕ್ರಮ ಸ್ಪಷ್ಟವಾಗಿ ಕಂಡಿತು. ಹೊಸ ಟ್ರೇಸ್‌ನಲ್ಲಿ 204 ಬೈಟ್‌ಗಳ ಒಂದು ಪ್ಯಾಕೆಟ್ ಹೋಗಿ, ಒಂದು ಮಿಲಿಸೆಕೆಂಡ್ ಸುತ್ತಮುತ್ತ ಉತ್ತರ ಮತ್ತು ಆ್ಯಕ್ ಒಟ್ಟಿಗೆ ಬರುತ್ತಿವೆ. ನೇಗಲ್ ಇನ್ನೂ ಚಾಲ್ತಿಯಲ್ಲಿದೆ. ಆದರೆ ಒಂದೇ ಸಂಪರ್ಕದಲ್ಲಿ ಮೊದಲ ಉತ್ತರ ಬರುವ ಮೊದಲೇ ಎರಡನೆಯ ವಿನಂತಿಯನ್ನೂ ಕಳುಹಿಸುವ ಯೋಚನೆ ಇದೆ. ಆಗ ಏನಾಗುತ್ತದೆ?

ಜಾಲತಂತಿ:

ಆಗ ಮೊದಲ ವಿನಂತಿಗೆ ಆ್ಯಕ್ ಬಾರದಿರುವಾಗಲೇ ಎರಡನೆಯ ಚಿಕ್ಕ ಸೆಗ್ಮೆಂಟ್ ಸಿದ್ಧವಾಗುತ್ತದೆ, ನೇಗಲ್ ಅದನ್ನು ತಡೆಯುತ್ತದೆ. ಸರ್ವರ್ ಮೊದಲನೆಯದಕ್ಕೆ ಬೇಗ ಉತ್ತರಿಸಿದರೆ ಆ್ಯಕ್ ಅದರ ಜೊತೆಗೆ ಬರುವುದರಿಂದ ತಡ ಗೊತ್ತಾಗುವುದಿಲ್ಲ. ಮೊದಲನೆಯದು 40 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿಯುವ ಕೆಲಸವಾಗಿದ್ದರೆ ಎರಡನೆಯದು ಆ 40 ಮಿಲಿಸೆಕೆಂಡ್ ಕ್ಲೈಂಟ್‌ನಲ್ಲೇ ಉಳಿಯುತ್ತದೆ. ಪ್ರತಿ ವಿನಂತಿಯೂ ಈಗ ಒಂದೇ ಬರಹದಲ್ಲಿ ಹೋಗುತ್ತಿರುವುದರಿಂದ ತಡೆದು ಕೂಡಿಸಬೇಕಾದದ್ದೂ ಏನಿಲ್ಲ. ಈ ಸಂದರ್ಭದಲ್ಲಿ ಕಡಲತಡಿಯವರ ಸಲಹೆಯೇ ಸರಿ: ನೋಡಿಲೇ ಆಯ್ಕೆಯನ್ನು ಹಾಕಿ.